ಷರಾ

ಕ್ಲಸ್ಟರಿನಿಂದ ಬಂದ ನಮೂನೆಯಲ್ಲಿ ಆರು ಅಂಕಣ:
ಕನ್ನಡ, ಗಣಿತ, ಪರಿಸರ, ಕಲೆ,
ಮೌಲ್ಯ ಅಂತ ಒಂದು,
ಕೊನೆಗೆ ಬೆರಳಗಲದ ಷರಾ.
'ಸಿನಿಮಾ ವೀಕ್ಷಣೆಯ ಮೂಲಕ ಸಮಗ್ರ ಕಲಿಕೆ.'
ಶನಿವಾರದೊಳಗೆ ತುಂಬಿ ಕಳಿಸತಕ್ಕದ್ದು.

ಗಣಿತ ಸಿದ್ದಾಪುರದ ಬಸ್‌ಸ್ಟ್ಯಾಂಡಿನಲ್ಲೇ ಶುರುವಾಯಿತು.
ಹುಡುಗಿಯರು ಏಳು, ನಾನೊಬ್ಬಳು:
ಸೊನ್ನೆ ರೂಪಾಯಿಯ ಎಂಟು ಚೀಟಿ.
ಹುಡುಗರು ನಾಲ್ವರಿಗೆ ಅರ್ಧರ್ಧ.
"ಸೊನ್ನೆಗೂ ಚೀಟಿ ಯಾಕೆ ಹರೀತಾರೆ ಟೀಚರ್?"
ಸಫ್ವಾನ್ ಕೇಳಿದ. ಕಂಡಕ್ಟರು ನನ್ನ ಮುಖ ನೋಡಿದರು.
ಅಷ್ಟರಲ್ಲಿ ಸೇತುವೆ ಬಂತು, ಬಚಾವಾದೆ:
ನೋಡ್ರೋ ಹೊಳೆ, ಬಂಡೆ ಎಷ್ಟು ಮೇಲೆ ಬಂದಿದೆ ನೋಡಿ!
ಪರಿಸರಕ್ಕೂ ಒಂದು ಸಾಲು ಸಿಕ್ಕಿತು.

ಕುಶಾಲನಗರದ ಟಾಕೀಸಿನ ಕತ್ತಲಲ್ಲಿ
ತಲೆಯ ಮೇಲೆ ಹಾದ ಬೆಳಕಿನ ಕೋಲು,
ಅದರೊಳಗೆ ಕುದಿಯುವ ಧೂಳು.
ಬೆಳಕು ನೇರವಾಗಿ ಚಲಿಸುತ್ತದೆ, ಎಂದೆ ಮೆಲ್ಲಗೆ.
ನಜ್ಮಿನ್ ಎದ್ದು ಕೈ ಚಾಚಿದಳು ಪರೀಕ್ಷೆಗೆ,
ನಾಯಕನ ಕೆನ್ನೆಯ ಮೇಲೆ
ಅಸ್ಸಾಮಿನ ಐದು ಬೆರಳು.
ಹಿಂದಿನ ಸಾಲಿನವರು ಬೈದರು.

ಕತೆ ಇಷ್ಟೇ: ಒಬ್ಬ ಹುಡುಗ, ಅವನದೊಂದು ಆನೆ.
ಆನೆ ನಮಸ್ಕಾರ ಮಾಡುತ್ತದೆ,
ಮಾತು ಮಾತಿಗೂ ಘೀಳಿಡುತ್ತದೆ,
ಕೇಡಿಯನ್ನು ಹುಡುಕಿ ಕೆರೆಗೆ ಎಸೆಯುತ್ತದೆ.
ಶಿಳ್ಳೆಯೋ ಶಿಳ್ಳೆ.

ಬಿಂದ್ಯ ಮಾತ್ರ ಕುರ್ಚಿಯಂಚಿಗೆ ಸರಿದು ಕೂತಿದ್ದಳು.
ಮಾಲ್ದಾರೆ ಕಡೆಯ ಲೈನ್‌ಮನೆ ಅವಳದು;
ಅಪ್ಪ ಚಾತ ಆನೆ ಅಟ್ಟುವ ತಂಡದವನು,
ಜೀಪಿನ ಹಿಂಬದಿ ನಿಂತು ಪಟಾಕಿ ಹಚ್ಚುವವನು.
"ಟೀಚರ್, ಇದು ಆ ಆನೆ ಅಲ್ಲ.
ಹೊಳೆ ದಾಟಿದ್ದಕ್ಕೆ ಎಡಗೊಂಬು ಮೊಂಡು.
ಇದರ ಕೊಂಬು ನೆಟ್ಟಗಿದೆ, ಕಿವಿ ಹರಿದಿದೆ."
ಇಂಟರ್‌ವಲ್ಲಿನ ಹೊತ್ತಿಗೆ ಲೆಕ್ಕ ಮುಗಿಸಿದ್ದಳು,
ಪಾಪ್‌ಕಾರ್ನ್ ಜಗಿಯುತ್ತ ಹೇಳಿದಳು:
"ಮೂರು ಆನೆ ಟೀಚರ್. ಹೆಸರು ಮಾತ್ರ ಒಂದೇ."
ಉಳಿದೆರಡರ ಹೆಸರೇನು?
ನನ್ನ ಹತ್ತು ಪ್ರಶ್ನೆಗಳ ಪಟ್ಟಿಯಲ್ಲಿ ಅದಿರಲಿಲ್ಲ.

ಆಮೇಲೆ ಕರೆಂಟು ಹೋಯಿತು.

ಜನ ಕೂಗುವುದಕ್ಕೆ ಮೊದಲು
ಒಂದು ಗಳಿಗೆ ಇರುತ್ತದಲ್ಲ,
ಫ್ಯಾನು ಕೂಡ ಉಸಿರು ಬಿಟ್ಟು ನಿಲ್ಲುವಂಥದ್ದು.
ಆ ಗಳಿಗೆಯಲ್ಲಿ ಪುಟ್ಟ ಕೈಯೊಂದು ನನ್ನ ಮಣಿಕಟ್ಟು ಹಿಡಿಯಿತು,
ಬೆವೆತು ತಣ್ಣಗಾದ ಕೈ.
"ಅಲ್ಲಾಡ್ಬೇಡಿ. ಹೀಗೇ ಬರೋದು."
"ಏನು ಬರೋದು?"
"ಘೀಳಿಟ್ಟರೆ ಪರವಾಗಿಲ್ಲ ಟೀಚರ್,
ಅದಕ್ಕೇ ನಮ್ಮ ಭಯ ಅಂತ ಅರ್ಥ.
ಜೀರುಂಡೆ ನಿಂತರೆ ನಾವೂ ನಿಲ್ಲಬೇಕು."

ಇಪ್ಪತ್ತೆರಡು ವರ್ಷದಿಂದ ಪಾಠ ಹೇಳುವ ನಾನು
ಒಂದು ಸಿನಿಮಾ ಟಾಕೀಸಿನಲ್ಲಿ
ಉಸಿರು ಬಿಗಿಹಿಡಿದು ಕೂತೆ.

ಜನರೇಟರು ಗುರುಗುಟ್ಟಿತು, ಪರದೆ ಬೆಳಗಿತು,
ಆನೆ ಮತ್ತೆ ಸೊಂಡಿಲೆತ್ತಿ ನಮಸ್ಕಾರ ಮಾಡಿತು.
ಎಲ್ಲರಂತೆ ಬಿಂದ್ಯಳೂ ಚಪ್ಪಾಳೆ ತಟ್ಟಿದಳು.
ಕೊನೆಯಲ್ಲಿ ಆನೆಗೆ ಗುಂಡು ತಾಗಿದಾಗ
ಫ್ರಾಕು ಕಚ್ಚಿಕೊಂಡು ಅತ್ತಳು ಕೂಡ.
ಮೂರರಲ್ಲಿ ಯಾವುದಕ್ಕೆ ಅಂತ ನಾನು ಕೇಳಲಿಲ್ಲ.

ಐದರ ಬಸ್ಸಿಗೇ ಹೊರಟೆವು, ಕತ್ತಲಾದರೆ ಕಷ್ಟ.
ತೋಟದ ಗೇಟಿನಲ್ಲಿ ಚಾತ ಕಾಯುತ್ತಿದ್ದ.
ಮಗಳು ಇಳಿದವಳೇ ಅವನ ಕಿವಿಯಲ್ಲಿ ಏನೋ ಹೇಳಿ
ಎರಡು ಬೆರಳು ಬಾಯಿಗಿಟ್ಟು ಕೊಂಬು ಮಾಡಿ ತೋರಿಸಿದಳು.
ಅವನು ನಕ್ಕ. ಆಮೇಲೆ ಇಬ್ಬರೂ
ಮಾತು ನಿಲ್ಲಿಸಿ, ಒಂದು ಸಲ ಕಿವಿಗೊಟ್ಟು,
ಕಾಫಿಯ ನಡುವೆ ನಡೆದರು.

ರಾತ್ರಿ ನಮೂನೆ ಬಿಡಿಸಿ ಕೂತೆ.
ಗಣಿತದಲ್ಲಿ ಸೊನ್ನೆಯ ಚೀಟಿ ಅಂಟಿಸಿದೆ.
ಮೌಲ್ಯ: ಪ್ರಾಣಿದಯೆ. ಅದು ಮುಂಚೆಯೇ ಗೊತ್ತಿದ್ದದ್ದು.
ಷರಾದಲ್ಲಿ ಬರೆದೆ:
ಜೀರುಂಡೆ ನಿಂತರೆ ನಿಲ್ಲಬೇಕು.
ಜಾಗ ಸಾಲದೆ ಕೊನೆಯ ಅಕ್ಷರ
ಗೆರೆ ದಾಟಿ ಹೊರಗೆ ಬಿತ್ತು.

ಬುಧವಾರ ಕಾಗದ ವಾಪಸು ಬಂತು.
ಷರಾದ ಕೆಳಗೆ ಕೆಂಪು ಶಾಯಿ:
'ಇದು ಯಾವ ವಿಷಯಕ್ಕೆ ಸಂಬಂಧಿಸಿದ್ದು?'