ನಾಯಿಯ ಪಾಲು

ಬುಟ್ಟಿಯಿಲ್ಲದೆ ಕಾಡಿಗೆ ಹೋದರೆ
ಮೈ ಒಂದು ಕಡೆಗೆ ವಾಲುತ್ತದಂತೆ ಯೆವ್ಡೋಕಿಯಾಳಿಗೆ.
ಅದಕ್ಕೇ ಬರಿಬುಟ್ಟಿ ಹಿಡಿದೇ ಬಂದಳು,
ಒಳಗೊಂದು ಬಿಳಿ ವಸ್ತ್ರ, ಅರ್ಧ ರೊಟ್ಟಿ, ಉಪ್ಪಲ್ಲಿ ನೆನೆದ ಸೌತೆ ಎರಡು.
ಬ್ಯಾವೊವ್ಯೆಝಾದ ಬೇಲಿಬಾಗಿಲಲ್ಲಿ ಕಾವಲಿನ ಹುಡುಗ
ಬುಟ್ಟಿ ನೋಡಿದ, ಫಲಕ ತೋರಿಸಿದ:
ಇಲ್ಲಿಂದಾಚೆ ಒಂದೆಲೆಯನ್ನೂ ಕೀಳುವಂತಿಲ್ಲ.
"ನಿನ್ನ ತಾತನಿಗೆ ಅಣಬೆಯ ಗುರುತು ಕಲಿಸಿದವಳು ನಾನು" ಅಂದಳು.
ಹುಡುಗ ಕೆಂಪಾದ. ಫಲಕ ಹಾಗೇ ನಿಂತಿತ್ತು.

ಕರೆತಂದವಳು ಬೊಗ್ನಾ, ಲೆಕ್ಕದವಳು.
ಕೊರಳಲ್ಲಿ ಭೂತಗನ್ನಡಿ, ಮಂಡಿಗೆ ಕಟ್ಟಿದ ರಬ್ಬರು,
ಹಗ್ಗದಲ್ಲಿ ಕಾಡನ್ನು ಚೌಕ ಚೌಕ ಮಾಡಿ
ಒಂದೊಂದಕ್ಕೂ ಮಂಡಿಯೂರುವಳು.

ಮೊದಲ ಗಂಟೆಯೆಲ್ಲ ಮುದುಕಿಯದೇ ಮಾತು.
ಅದೋ, ಕಂದು ಟೋಪಿ, ದಪ್ಪ ಕಾಲು: ಹಬ್ಬದ ಸಾರಿಗೆ.
ಅರಿಸಿನದ ಕಹಳೆ: ಬೆಣ್ಣೆಗೆ.
ಮುರಿದರೆ ಕಿತ್ತಳೆ ಹಾಲು: ಜಾಡಿಗೆ, ಚಳಿಗಾಲಕ್ಕೆ.
ಕೆಂಪಿನ ಮೇಲೆ ಬಿಳಿ ಚುಕ್ಕಿ: ಹಾಲಲ್ಲದ್ದಿ ಇಟ್ಟರೆ ನೊಣಕ್ಕೆ.
ತುಸು ಹಸಿರು, ಬುಡದಲ್ಲೊಂದು ಚೀಲ,
ಇದನ್ನು ಮಾತ್ರ ಹೆಸರು ಹಿಡಿದು ಕರೆಯಲಿಲ್ಲ,
ಕೋಲಿನಲ್ಲಿ ತೋರಿಸಿದಳು. "ಯುದ್ಧ ಮುಗಿದ ವರ್ಷ,
ಪಕ್ಕದ ಮನೆಯ ನಾಲ್ವರು." ಅಷ್ಟೆ.

ಹದಿಮೂರಕ್ಕೆ ಅವಳ ಮಾತು ಮುಗಿಯಿತು.
ಆಮೇಲೆ ಬೊಗ್ನಾ ಏನು ತೋರಿಸಿದರೂ ಒಂದೇ ಉತ್ತರ.
ಕೊಳೆತ ಎಲೆಯ ನರದ ಮೇಲೆ ಗುಂಡುಸೂಜಿಯ ತಲೆ—
"ನಾಯಿದು."
ಕಾಡುಕೋಣದ ಸಗಣಿಯಲ್ಲಿ ಒಂದು ಬೆಳಗಿನ ಗಾಜಿನ ಗಂಟೆ—
"ನಾಯಿದು."
ಸತ್ತ ಬರ್ಚಿಗೆ ಅಂಟಿದ ಕುದುರೆಗೊರಸು—
"ಅಪ್ಪ ಇದರಲ್ಲಿ ಕೆಂಡ ಒಯ್ಯುತ್ತಿದ್ದ. ತಿನ್ನಲು, ನಾಯಿದು."
ಪಾಚಿಯೊಳಗಿಂದ ಐದು ಕಪ್ಪು ಬೆರಳು—
"ನಾಯಿದು, ನಾಯಿದು, ನಡಿ."

(ನಮ್ಮಲ್ಲೂ ನಾಯಿಕೊಡೆ ಅಂತಾರಲ್ಲ.
ಯಾವ ಮಳೆಗೆ ಯಾವ ನಾಯಿ ಬಿಚ್ಚಿತ್ತೋ.)

ಮಧ್ಯಾಹ್ನ ಓಕ್ ಕೊರಡು. ಬಿದ್ದು ನಲವತ್ತೊಂಬತ್ತು ವರ್ಷ;
ಯಾರೂ ಎತ್ತಲಿಲ್ಲ, ಗರಗಸ ತರಲಿಲ್ಲ,
ಬಿದ್ದದ್ದು ಬಿದ್ದಲ್ಲೇ ಇರಬೇಕು ಇಲ್ಲಿ.
"ಇದು ಬಿದ್ದ ರಾತ್ರಿ ನನ್ನ ಕ್ಸೆನ್ಯಾ ಹುಟ್ಟಿದಳು.
ಗುಡುಗು ಅಂದುಕೊಂಡಿದ್ದೆವು."
ಬೊಗ್ನಾ ತುದಿಯಿಂದ ಶುರುಮಾಡಿದಳು.
ತೊಗಟೆಯಡಿ ಬೂಟಿನ ಲೇಸಿನಂಥ ಕಪ್ಪು ಎಳೆ,
ಹಸುವಿನ ನಾಲಗೆ, ಒತ್ತಿದರೆ ಕೆಂಪು ಜಿನುಗು,
ಪೊಟರೆಯೊಳಗೆ ಬಿಳಿ ಹಲ್ಲುಗಳ ಅಬ್ಬಿ,
ಇನ್ನೊಂದು ಬರೀ ಬಣ್ಣ,
ಯಾರೋ ಸುಣ್ಣ ಬಳಿದು ಕೈ ಒರೆಸಿ ಹೋದಂತೆ.
ಅರವತ್ತೆರಡು.
ಅರವತ್ತಮೂರನೆಯದಕ್ಕೆ ತಡೆದಳು,
ಪುಸ್ತಕ ತಿರುವಿದಳು, ಮತ್ತೆ ಬಾಗಿದಳು.
"ಲ್ಯಾಟಿನ್ನಿನಲ್ಲೂ ಇದಕ್ಕೆ ಹೆಸರಿಲ್ಲವೇನೋ" ಅಂದಳು ಮೆಲ್ಲಗೆ,
ಎದುರಿಗೊಂದು ಪ್ರಶ್ನೆಯ ಕೊಕ್ಕೆ ಹಾಕಿದಳು.

ಯೆವ್ಡೋಕಿಯಾ ರೊಟ್ಟಿ ಅಗಿಯುತ್ತ
ಕೊರಡಿನ ಉದ್ದಕ್ಕೂ ಕಣ್ಣಾಡಿಸಿದಳು.
ಊರಿದ ಕೋಲು ಹಿಟ್ಟಿನೊಳಗೆ ಇಳಿದಂತೆ ಇಳಿಯಿತು.
ಅಲ್ಲೇ ಒಂದು ಗೇಣುದ್ದದ ಸಸಿ, ಯಾವುದರದ್ದೋ.
"ಇಷ್ಟು ವರ್ಷ, ಹದಿಮೂರು ನಮಗೆ,
ಉಳಿದದ್ದೆಲ್ಲ ಅದಕ್ಕೆ" ಅಂದಳು.
ಅಗಿದದ್ದು ನುಂಗಿ,
"ಭಾಳ ದೊಡ್ಡ ನಾಯಿ ಇರಬೇಕು."

ಸಂಜೆ ಬಾಗಿಲಲ್ಲಿ ಹುಡುಗ ಬುಟ್ಟಿ ಕೇಳಿದ.
ಖಾಲಿ. ಬಿಳಿ ವಸ್ತ್ರದ ಮೇಲೆ ಮಾತ್ರ
ಕೋಕೋ ಬಣ್ಣದ ಪುಡಿ, ಜರಡಿ ಹಿಡಿದಷ್ಟು ನುಣುಪು.
ಊಟದ ಹೊತ್ತಿಗೆ ಬುಟ್ಟಿ ಇಟ್ಟದ್ದು
ಹಲಗೆಯಂಥ ಅಣಬೆಯೊಂದರ ಕೆಳಗೆ,
ಅದು ತನ್ನ ಕೋಟಿ ಕೋಟಿಯನ್ನು ಸದ್ದಿಲ್ಲದೆ ಸುರಿಯುತ್ತಿತ್ತು.
ಹುಡುಗ ಬೆರಳಿಗೆ ಹಚ್ಚಿಕೊಂಡ, ಮೂಸಿದ,
ಪ್ಯಾಂಟಿಗೆ ಒರೆಸಿದ.
"ಈಗ ನೀನೂ ಕದ್ದೆ" ಅಂದಳು ಮುದುಕಿ.

ಹಿತ್ತಿಲಲ್ಲಿ ಹೋದ ಚಳಿಗೆ ಸತ್ತ ಸೇಬಿನ ಮರ.
ಅದರ ಮೇಲೆ ವಸ್ತ್ರ ಕೊಡವಿದಳು, ಎರಡು ಸಲ.
ಶನಿವಾರ ಗರಗಸ ತರುತ್ತೇನೆಂದಿದ್ದ ಅಳಿಯನಿಗೆ
ಫೋನು ಮಾಡಿ, ಬೇಡ, ಇರಲಿ ಅಂದಳು.
ಯಾಕೆ?
ನಾಯಿಗೆ ಬೇಕು.

ಇಟ್ಟ ಮೇಲೆ ಅವನು ಹೆಂಡತಿಯನ್ನು ಕೇಳಿದ:
ನಿಮ್ಮಮ್ಮ ಯಾವಾಗಿಂದ ನಾಯಿ ಸಾಕಿದ್ದಾರೆ?