ಏಳನೆಯ ಹೆಣ

ಸತ್ತವರ ಬಾಯಿಂದ ಹಬೆ ಬರಬಾರದು ಅಂತ
ಗಾರ್ನೆಟ್ ನಮಗೆಲ್ಲ ಒಂದೊಂದು ಐಸ್ ತುಂಡು ಹಂಚಿದ.
‘ನಾಲಿಗೆ ಮೇಲಿರಲಿ, ಕ್ಯಾಮೆರಾ ನಿಲ್ಲುವ ತನಕ ನುಂಗಬೇಡಿ.’
ಪರಮಪ್ರಸಾದಕ್ಕೆ ಚಾಚಿದ ಹಾಗೆ ನಾಲಿಗೆ ಚಾಚಿ ತಗೊಂಡೆವು
ಹದಿನಾಲ್ಕು ಹೆಣಗಳು, ಸಾಲಾಗಿ. ನಾನು ಏಳನೆಯದು.

ದಿನಕ್ಕೆ ನಲವತ್ತು ಡಾಲರು, ಮಧ್ಯಾಹ್ನ ಬಟಾಣಿ ಸೂಪು.
ಬದುಕಿರುವವರ ಪಾತ್ರಕ್ಕೆ ಹ್ಯಾಲಿಫ್ಯಾಕ್ಸಿನಿಂದ ಮೂವರು ಬಂದಿದ್ದರು.
ಅವರಿಗೆಷ್ಟು, ಕೇಳಲಿಲ್ಲ.
ಮುಖಕ್ಕೆ ಮೈದಾ, ತುಟಿಗೆ ಕೇಕಿನ ನೀಲಿ,
ಹುಬ್ಬಿನ ಮೇಲೆ ಮೇಣ ತೊಟ್ಟಿಕ್ಕಿಸಿ, ಅದೇ ಹಿಮ.
ಬಟ್ಟೆ ಮಾತ್ರ ನಮ್ಮದೇ:
ಮೀನಿನ ಕಾರ್ಖಾನೆಯ ಬಿಳಿ ಕೋಟು, ರಬ್ಬರ್ ಬೂಟು,
ಕಾಡ್ ಹಿಡಿಯಕೂಡದು ಅಂತ ಸರ್ಕಾರ ಹೇಳಿದ ಆ ಜುಲೈಯಿಂದ
ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡಿದ್ದು.
ಎಷ್ಟು ಒಗೆದರೂ ಹೋಗದ ವಾಸನೆ
ಮೈದಾದ ಅಡಿಯಿಂದ ಎದ್ದು ಬಂತು,
ನಮ್ಮೆಲ್ಲರಿಗಿಂತ ಮೊದಲು.

ಕತೆ ಇಷ್ಟೆ. ಹಡಗು ಒಡೆಯುತ್ತದೆ,
ನೆಲ ಕಲ್ಲಾಗಿದೆ, ಗುಂಡಿ ತೋಡಲಾಗದು,
ಹೆಣಗಳನ್ನು ಮೀನಿನ ಫ್ರೀಜರಿನಲ್ಲಿಟ್ಟು ಊರು ಮರೆಯುತ್ತದೆ.
ಒಂದು ರಾತ್ರಿ ಕರೆಂಟು ಹೋಗುತ್ತದೆ.
ಇದರಲ್ಲಿ ಹೆದರುವುದೇನಿದೆ ಅಂದಳು ಫಿಲೊಮಿನಾ.
ನಮ್ಮಜ್ಜನನ್ನು ಫೆಬ್ರವರಿಯಿಂದ ಮೇ ತನಕ
ಉಪ್ಪಿನ ಕೊಟ್ಟಿಗೆಯಲ್ಲೇ ಇಟ್ಟಿದ್ದರು.
ಉಪ್ಪು ತರಲು ಹೋದಾಗೆಲ್ಲ ಅಜ್ಜಿ
ಅವನಿಗೆ ಗಾಳಿ ಯಾವ ಕಡೆಯದು ಅಂತ ಹೇಳಿ ಬರುತ್ತಿದ್ದಳು.

‘ನಿಧಾನ ನಡೀರಿ,’ ಅಂದ ಗಾರ್ನೆಟ್,
‘ಎಲ್ಲಿಗೆ ಹೊರಟಿರಿ ಅನ್ನುವುದೇ ಮರೆತುಹೋದವರ ಹಾಗೆ.’
ಫ್ರೀಜರಿನ ಬಾಗಿಲು ಕಿರ್ರೆಂದಿತು.
ಹೊಗೆಯ ಯಂತ್ರ ಕೆಮ್ಮಿತು.
ನಡೆದೆವು.

ಎಲ್ಲಿಗೆ ಅಂತ ಕಾಲಿಗೆ ಗೊತ್ತಿತ್ತು.
ಆಂಬ್ರೋಸ್ ತಲೆ ಕಡಿಯುವ ಯಂತ್ರ ಇದ್ದ ಕಡೆಗೆ,
(ಯಂತ್ರ ಮಾರಿದ್ದಾರೆ, ನೆಲದಲ್ಲಿ ನಾಲ್ಕು ಬೋಲ್ಟಿನ ತೂತು.)
ಫಿಲೊಮಿನಾ ಚರ್ಮ ಸುಲಿಯುವಲ್ಲಿಗೆ,
ನಾನು ಉದ್ದ ಮೇಜಿನ ಏಳನೆಯ ದೀಪದ ಕೆಳಗೆ.
ಬಲಗೈ ಎದ್ದಿತು. ಚೂರಿ ಇರಲಿಲ್ಲ.
ಕಿವಿರಿನ ಹಿಂದೆ ಇಳಿಸು, ಮುಳ್ಳಿನ ಗುಂಟ ಎಳೆ,
ಮಗುಚು, ಎಡಕ್ಕೆ ಎಸೆ.
ಕಿವಿರಿನ ಹಿಂದೆ. ಮುಳ್ಳಿನ ಗುಂಟ.
ಮಗುಚು, ಎಸೆ.
ಬಾಯಲ್ಲಿ ಐಸು, ಯಾರೂ ಮಾತಿಲ್ಲ.
ಮೇಸ್ತ್ರಿಯಾಗಿದ್ದ ಲಿಯಾಂಡರ್ ಬೆನ್ನ ಹಿಂದೆ ಬಂದು ನಿಂತು
ವಾಚಿಲ್ಲದ ಮಣಿಕಟ್ಟು ನೋಡಿಕೊಂಡ.

‘ಕಟ್!’ ಅಂದ ಗಾರ್ನೆಟ್.
ಕತ್ತರಿಸಿದೆವು.
‘ಕಟ್, ಕಟ್!’
ಇನ್ನೂ ಬೇಗ ಕತ್ತರಿಸಿದೆವು.

‘ನೀವು ಮನುಷ್ಯರನ್ನು ತಿನ್ನೋಕೆ ಬಂದಿರೋದು!’
ಮೂಲೆಯಲ್ಲಿ ಹ್ಯಾಲಿಫ್ಯಾಕ್ಸಿನ ಹುಡುಗಿ
ಅರ್ಧ ಕಿರುಚಿದ ಬಾಯಿ ಹಾಗೇ ತೆರೆದು ಕಾಯುತ್ತಿದ್ದಳು, ಪಾಪ.
ಎರಡನೆಯ ಸಲ ಸರಿಯಾಗಿಯೇ ಅಟ್ಟಿಸಿಕೊಂಡು ಹೋದೆವು.
ಹಲ್ಲಿನ ಸೆಟ್ಟು ಜೇಬಿನಲ್ಲಿಟ್ಟುಕೊಂಡು ಆಂಬ್ರೋಸ್
ಬರೀ ವಸಡಿನಲ್ಲಿ ಅವಳ ತೋಳು ಕಚ್ಚಿದ.
ಅವಳು ನಕ್ಕಳು, ನಾವೂ ನಕ್ಕೆವು,
ಹದಿನಾಲ್ಕು ಬಾಯಿಂದ ಹಬೆ. ಆ ದಿನದ ಶೂಟಿಂಗ್ ಹಾಳು.

ಮಾರ್ಚಿನಲ್ಲಿ ಚರ್ಚಿನ ಹಾಲಿನಲ್ಲಿ ಟೇಪು ಹಾಕಿದರು.
ಊರೇ ಕುರ್ಚಿ ಹೊತ್ತು ಬಂದಿತ್ತು.
ಜೋಳದ ಪಾಕದ ರಕ್ತ ಕಂಡಾಗ ಮಕ್ಕಳು ಚಪ್ಪಾಳೆ ತಟ್ಟಿದರು.
ನಮ್ಮ ಮೇಜಿನ ಸಾಲನ್ನು ಅವನು ಬಿಸಾಡಿರಲಿಲ್ಲ,
ನಾಲ್ಕು ಸೆಕೆಂಡು ಇಟ್ಟಿದ್ದ, ಸಂಗೀತವಿಲ್ಲದೆ.
ಆ ನಾಲ್ಕು ಸೆಕೆಂಡು ಹಾಲಿನಲ್ಲಿ ಒಬ್ಬರೂ ಕೆಮ್ಮಲಿಲ್ಲ.
‘ಕೈಯಲ್ಲಿ ಏನು ಮಾಡ್ತಿದೀಯಮ್ಮ?’ ಅಂದ ನನ್ನ ಕಿರಿಯವ.
‘ಸುಮ್ನೆ ನೋಡು,’ ಅಂದೆ.

ಕೊನೆಯ ದಿನದ ಕೂಲಿ ಇವತ್ತಿಗೂ ಬಂದಿಲ್ಲ.
ಹೆಣದ ಮೇಲೆ ಸಾಲ ಉಳಿಯುವುದುಂಟು,
ಹೆಣಕ್ಕೇ ಸಾಲಗಾರನಾದವನು ಇವನೊಬ್ಬ.

ಕೋಟು ಮತ್ತೆ ಮೊಳೆಯಲ್ಲಿದೆ. ಕಾಲರಿನಲ್ಲಿ ನೀಲಿ. ಒಗೆದಿಲ್ಲ.
ಎರಡನೆಯ ಭಾಗ ತೆಗೆಯುತ್ತಾನಂತೆ.
ಇಬ್ಬರು ಆಲ್ಬರ್ಟಾಕ್ಕೆ ಹೋದರು, ಎಣ್ಣೆ ಮರಳು ತೋಡಲು.
ಉಳಿದವರು ಇಲ್ಲೇ ಇದ್ದೇವೆ,
ಬಾಗಿಲು ತೆಗೆದರೆ ಸಾಕು.