ದಾಸ್ತಾನು: ಟಾರ್ಚು ಒಂದು

ರೇಶನ್ ಅಂಗಡಿಯ ಮಹಡಿ. ಕೆಳಗಿಂದ ಸೀಮೆಎಣ್ಣೆ ವಾಸನೆ.
ತಿಂಗಳ ಎರಡನೇ ಶನಿವಾರ, ಮೂರೂವರೆಗೆ ಎಂದರೆ ನಾಲ್ಕಕ್ಕೆ,
ಪೈವಳಿಕೆ ಸೀಮೆ ಸಹಾಯ ನಿಧಿ ಸಭೆ ಸೇರುತ್ತದೆ.
ನಾನು ನಡಾವಳಿ ಬರೆಯುವವಳು.
ಮೂವತ್ತೊಂದು ವರ್ಷ ಅಂಚೆಯಲ್ಲಿ
ಬೇರೆಯವರ ವಿಳಾಸ ಬರೆದು ಬರೆದು
ದುಂಡಗಾದ ಅಕ್ಷರ ನನ್ನದು.

ಹಣ ಎಲ್ಲಿಯದು ಎಂದರೆ,
ಮಕ್ಕಳಿಲ್ಲದ ದರ್ಜಿ ಬಟ್ಯಪ್ಪ ಬರೆದಿಟ್ಟ ಹನ್ನೆರಡು ಸೆಂಟ್ಸು ಜಾಗ,
ಶಾರ್ಜಾದಿಂದ ಲಾರಿ ಡ್ರೈವರ್ ಮೊಯ್ದುಕುಞಿ ನೋಂಬಿಗೆ ಕಳಿಸುವುದು,
ಬ್ರಾಂಚಿನ ಹೆಂಗಸರು ಸಾವಿರ ಬೀಡಿಗೆ ಒಂದು ರೂಪಾಯಿಯಂತೆ
ತುಂಬಿಸಿದ ಡಬ್ಬಿ. ಆ ನೋಟುಗಳಿಗೆ ಈಗಲೂ ಹೊಗೆಸೊಪ್ಪಿನ ಘಾಟು.
ಮೂಲಧನ ಮುಟ್ಟುವಂತಿಲ್ಲ, ಬಡ್ಡಿ ಮಾತ್ರ.
"ಹೆಪ್ಪು ಉಳಿಸಿಕೊಂಡೇ ಮಜ್ಜಿಗೆ ಕೊಡುವುದು"
ಎನ್ನುತ್ತಾರೆ ಸಿಸಿಲಿಯಾ ಬಾಯಿ.

ಆ ವರ್ಷ ಅರ್ಜಿ ಹನ್ನೊಂದು.
ಯುವಕ ಮಂಡಲಕ್ಕೆ ಹಗ್ಗಜಗ್ಗಾಟದ ಹಗ್ಗ,
ಡಯಾಲಿಸಿಸಿಗೆ ಮಂಗಳೂರಿಗೆ ಹೋಗುವ ಏಳು ಮಂದಿಯ ಜೀಪಿಗೆ ಡೀಸೆಲು,
ತೋಡಿಗೆ ಕಟ್ಟ ಹಾಕಲು ಪ್ಲಾಸ್ಟಿಕ್ ಹಾಳೆ,
ಹೆಣ ಇಡುವ ತಂಪು ಪೆಟ್ಟಿಗೆಯ ರಿಪೇರಿ.
ಅದಕ್ಕೆ ಯಾರೂ ಬೇಡ ಎನ್ನುವುದಿಲ್ಲ.
ಹನ್ನೊಂದನೆಯದು ನೋಟುಬುಕ್ಕಿನ ಹಾಳೆ.
ಅಕ್ಷರ ಕನ್ನಡದ್ದು, ಮಾತು ತುಳುವಿನದು:

ನಾವು ನಾಲ್ಕು ಜನ. ನಮ್ಮ ಸಂಘಕ್ಕೆ ಹೆಸರಿಲ್ಲ.
ಮೇಲಿನ ಮನೆ ಉಮ್ಮಕ್ಕ ಹಾಸಿಗೆ ಹಿಡಿದು ಎರಡು ವರ್ಷ.
ಮಗಳು ಮಲಗಲಿ ಎಂದು ರಾತ್ರಿ ಸರದಿಯಲ್ಲಿ ಕೂರುತ್ತೇವೆ.
ಗುಡ್ಡೆ ದಾರಿ. ಟಾರ್ಚು ಒಂದು, ಚಾ ಫ್ಲಾಸ್ಕು ಒಂದು, ಸೆಲ್ಲು.
ಒಟ್ಟು ಒಂದು ಸಾವಿರದ ನೂರ ನಲವತ್ತು.
ಹೆಚ್ಚು ಬೇಡ.

ಐತ್ತಪ್ಪ ಶೆಟ್ಟಿಗಾರರು ಕನ್ನಡಕ ಒರೆಸಿದರು.
ನಿಯಮ ಏಳು: ಸಂಘ ನೋಂದಣಿಯಾಗಿರಬೇಕು.
ನಿಯಮ ಎಂಟು: ಮೂರು ವರ್ಷದ ಲೆಕ್ಕಪತ್ರ.
"ನಿದ್ದೆಗೆ ಲೆಕ್ಕಪತ್ರ ಎಲ್ಲಿಂದ ತರುವುದು ಮಾರಾಯ್ರೆ?"
"ನನ್ನ ಜೇಬಿನಿಂದ ಕೊಡುತ್ತೇನೆ," ಎಂದರು ಕುಂಞಂಬು ಮಾಸ್ಟ್ರು.
"ಬೇಡ," ಸಿಸಿಲಿಯಾ ಬಾಯಿ,
"ಅವರು ಕೇಳಿದ್ದು ನಿಮ್ಮನ್ನಲ್ಲ, ಊರನ್ನು."
ಕೆಳಗೆ ಅಕ್ಕಿ ಗೋಣಿ ಎಳೆಯುವ ಸದ್ದು ಬಹಳ ಹೊತ್ತು ಕೇಳಿಸಿತು.

ಯಾರೂ ಹೇಳಲಿಲ್ಲ, ಯಾರೂ ತಡೆಯಲಿಲ್ಲ, ನಾನು ಬರೆದೆ:
ಠರಾವು ಹನ್ನೊಂದು. ಕಚೇರಿ ಉಪಯೋಗಕ್ಕೆ
ಟಾರ್ಚು ಒಂದು, ಫ್ಲಾಸ್ಕು ಒಂದು ಖರೀದಿಸುವುದು.

ಮೇ ತಿಂಗಳಲ್ಲಿ ಕಾಞಂಗಾಡಿನಿಂದ ಆಡಿಟರ್ ಬಂದ,
ಇಸ್ತ್ರಿಯ ಗೆರೆ ಮುರಿಯದ ಎಳೆ ಹುಡುಗ.
ಕುರ್ಚಿ ಎಣಿಸಿದ. ಬೀರು ತೆರೆದ. ಫ್ಯಾನು ತಿರುಗಿಸಿ ನೋಡಿದ.
ದಾಸ್ತಾನು ಪುಸ್ತಕದ ಮೇಲೆ ಬೆರಳಿಟ್ಟು ಮಲಯಾಳದಲ್ಲಿ ಕೇಳಿದ,
ಟಾರ್ಚು ಎಲ್ಲಿ?
ಕೆಲಸದಲ್ಲಿದೆ, ಎಂದೆ ಕನ್ನಡದಲ್ಲಿ.
ಈ ಕಚೇರಿ ಐದಕ್ಕೆ ಮುಚ್ಚುತ್ತದಲ್ಲ?
ಹೌದು. ಅದರ ಡ್ಯೂಟಿ ಆಮೇಲೆ.
ಪೆನ್ನಿನ ಮುಚ್ಚಳ ಹಾಕಿದ, ತೆಗೆದ.
ಕೇಳದೆಯೇ ತನ್ನ ಅಜ್ಜಿಯ ಹೆಸರು ಹೇಳಿದ, ಚಿರುತೆ.
'ಕಂಡಿದ್ದೇನೆ' ಎಂದು ಬರೆದು ಸಹಿ ಹಾಕಿದ.

ಉಮ್ಮಕ್ಕ ಆಟಿಯಲ್ಲಿ ಹೋದರು.
ತಂಪು ಪೆಟ್ಟಿಗೆ ಬೇಕಾಗಲಿಲ್ಲ, ಕಾಯಬೇಕಾದವರು ಯಾರೂ ದೂರ ಇರಲಿಲ್ಲ.
ಐದನೇ ದಿನ ನಾಲ್ವರೂ ಮಹಡಿ ಹತ್ತಿ ಬಂದರು,
ಟಾರ್ಚು, ಫ್ಲಾಸ್ಕು, ಮಿಕ್ಕಿದ ಅರವತ್ತೆರಡು ರೂಪಾಯಿ,
ಸೆಲ್ಲಿನ ಚೀಟಿಗಳಿಗೆ ಗುಂಡುಸೂಜಿ ಚುಚ್ಚಿ.
'ಜಮಾ' ಎಂದು ಬರೆಯಲು ನಾನು ಪೆನ್ನು ಊರುವಾಗ
ಕಿರಿಯವಳು, ಬೀಪಾತು, ಕೇಳಿದಳು:
ಬರೆಯದಿದ್ದರೆ ಆಗುತ್ತದಾ?
ಚಿಪ್ಪಾರಿನಲ್ಲಿ ಒಬ್ಬರು ಬಿದ್ದಿದ್ದಾರೆ.
ಹೆಂಡತಿಗೆ ಬೀಡಿ ಕಟ್ಟುತ್ತ ಕಟ್ಟುತ್ತ ಕಣ್ಣು ಹೋಗುತ್ತದೆ.

ಪುಸ್ತಕದಲ್ಲಿ 'ಸ್ಥಿತಿ' ಎಂಬ ಕಲಮು ಇದೆ.
ಬೀರುವಿಗೆ: ಪರವಾಗಿಲ್ಲ. ಫ್ಯಾನಿಗೆ: ಸದ್ದು.
ಟಾರ್ಚಿನ ಎದುರು ನಾನಿನ್ನೂ ಏನೂ ಬರೆದಿಲ್ಲ.

ಮೆಟ್ಟಿಲು ಇಳಿಯುತ್ತಿದ್ದವಳು ತಿರುಗಿದಳು:
ಫ್ಲಾಸ್ಕಿನ ಬಿರಡೆ ಸಡಿಲಾಗಿದೆ ಅಕ್ಕ, ಬೇರೆ ಬೇಕು.
ಎಷ್ಟಾದೀತು?
ಹದಿನೈದು.